ಬಂದಾಗ ಬರೋ ಬಸ್ಸು, ಬರಲೇಬೇಕಾದ ಬಸ್ಸು

ಇವತ್ತಿನ ಸಂಚಿಕೆಯಲ್ಲಿ ರಾಜರ ಕತೆ ಇಲ್ಲ, ಯುದ್ಧದ ಕತೆನೂ ಇಲ್ಲ. ಬಸ್ಸಿನ ಕತೆ ಅದ.

ನಾನು ಸುರಪುರ ತಾಲೂಕಿನ ಕಕ್ಕೇರಾದವ. ಕೆಲಸದ ಸಲುವಾಗಿ ಕೆಲವು ವರ್ಷಗಳಿಂದ ಲಂಡನ್ನಿನಲ್ಲಿದ್ದೇನೆ. ಅಲ್ಲಿ ನಿನಗೆ ಏನು ಹಿಡಿಸಿತು ಅಂತ ಊರಿನಿಂದ ಫೋನ್ ಮಾಡಿದವರೆಲ್ಲ ಕೇಳ್ತಾರೆ. ಅರಮನೆ, ಸೇತುವೆ ಅಂತ ಹೇಳ್ತಾನೆ ಅಂದುಕೊಂಡಿರ್ತಾರೆ. ನಾನು ಹೇಳೋದು ಕೆಂಪು ಬಸ್ಸು. ನಿಲ್ದಾಣದ ಫಲಕದಲ್ಲಿ ‘ಮೂರು ನಿಮಿಷ’ ಅಂತಿದ್ದರೆ ಹೆಚ್ಚುಕಡಿಮೆ ಮೂರೇ ನಿಮಿಷಕ್ಕೆ ಬರ್ತದೆ. ನಡುರಾತ್ರಿಯಲ್ಲೂ ಬಸ್ಸಿರ್ತದೆ. ಒಮ್ಮೆ ದುಡ್ಡು ಕೊಟ್ಟರೆ ಒಂದು ತಾಸಿನೊಳಗೆ ಬೇರೆ ಬಸ್ಸು ಹತ್ತಿದರೂ ಮತ್ತೆ ಕೊಡಬೇಕಾಗಿಲ್ಲ.

ಇದನ್ನು ಕೇಳಿ ನಮ್ಮವ್ವ ಅಂದಳು: “ಅಲ್ಲಿ ಮಂದಿ ಭಾಳ ಶಿಸ್ತಿನವರು ಇರಬೇಕಲ್ಲೋ?”

ಶಿಸ್ತು ಹುಟ್ಟಿನಿಂದ ಬಂದದ್ದಲ್ಲ ಅಂತ ಇತಿಹಾಸ ಹೇಳ್ತದೆ. 1829ರ ಜುಲೈ 4ರಂದು ಜಾರ್ಜ್ ಶಿಲ್ಲಿಬಿಯರ್ ಎಂಬಾತ ಲಂಡನ್ನಿನಲ್ಲಿ ಮೊದಲ ಆಮ್ನಿಬಸ್ ಓಡಿಸಿದ. ಪ್ಯಾಡಿಂಗ್ಟನ್‌ನಿಂದ ಬ್ಯಾಂಕ್‌ವರೆಗೆ, ಮೂರು ಕುದುರೆ ಕಟ್ಟಿದ ಗಾಡಿ. ಅದಾದ ಮೇಲೆ ಸುಮಾರು ನೂರು ವರ್ಷ ಅಲ್ಲಿ ನಡೆದದ್ದು ಪೈಪೋಟಿ. 1922ರಿಂದ ಸ್ವಂತ ಬಸ್ಸಿನವರು ದಂಡುದಂಡಾಗಿ ಬೀದಿಗಿಳಿದರು. ಜನ ಅವಕ್ಕೆ ಇಟ್ಟ ಹೆಸರು ‘ಕಡಲ್ಗಳ್ಳ ಬಸ್ಸು’. ಮುಂದಿನ ಬಸ್ಸನ್ನು ಹಿಂದೆ ಹಾಕಿ ಮಂದಿಯನ್ನು ಹತ್ತಿಸಿಕೊಳ್ಳೋದು, ಲಾಭ ಇಲ್ಲದ ಕಡೆ ಹೋಗದೇ ಇರೋದು, ಅರ್ಧದಾರಿಯಲ್ಲೇ ಇಳಿಸಿ ತಿರುಗಿಸಿಕೊಂಡು ಹೋಗೋದು. ಸೀಟು ತುಂಬದೆ ಹೊರಡದ ಟಂಟಂ ನೋಡಿದವರಿಗೆ ಇದೇನೂ ಹೊಸದಲ್ಲ. 1924ರಲ್ಲಿ ಕಾಯ್ದೆ ತಂದು ಕಡಿವಾಣ ಹಾಕಿದರು. 1933ರ ಜುಲೈ 1ರಂದು ಬಸ್ಸು, ಟ್ರಾಮ್, ನೆಲದಡಿಯ ರೈಲು ಮೂರನ್ನೂ ಒಂದೇ ಸಾರ್ವಜನಿಕ ಮಂಡಳಿಯ ಕೈಗೆ ಕೊಟ್ಟರು.

ಈಗ ನಮ್ಮ ಕಡೆ ಬರೋಣ. ಸುರಪುರ, ಶಹಾಪುರ, ಯಾದಗಿರಿ ಎಲ್ಲ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ಮುಂಬೈಯಿಂದ ರಾಯಚೂರಿಗೆ ಹೋಗುವ ರೈಲುಹಳಿ 1871ರಲ್ಲೇ ಯಾದಗಿರಿ ಮೂಲಕ ಹಾದುಹೋಗಿತ್ತು. ಆದರೆ ಸುರಪುರದ ಕಡೆಗೆ ರೈಲು ತಿರುಗಲೇ ಇಲ್ಲ. ಇಂಥ ಊರುಗಳಿಗೆ ರೈಲೂ ಬಸ್ಸೇ, ಬಸ್ಸೂ ಬಸ್ಸೇ.

1930ರಲ್ಲಿ ನಿಜಾಮ್ ಸರ್ಕಾರ ತನ್ನ ಸಂಸ್ಥಾನದ ರೈಲು ಕಂಪನಿಯನ್ನು ಕೈಗೆ ತೆಗೆದುಕೊಂಡಿತು. 1932ರ ಜೂನ್‌ನಲ್ಲಿ ಅದೇ ರೈಲ್ವೆಯ ಕೆಳಗೆ ರಸ್ತೆ ಸಾರಿಗೆ ಇಲಾಖೆ ಶುರುವಾಯಿತು. 27 ಬಸ್ಸು, 166 ನೌಕರರು. ಅಷ್ಟು ದೊಡ್ಡ ಸಂಸ್ಥಾನಕ್ಕೆ 27 ಬಸ್ಸು ಏನೇನೂ ಅಲ್ಲ, ಖರೆ. ಆದರೆ ವಿಚಾರ ನೋಡ್ರಿ: ರೈಲು, ಬಸ್ಸು ಎರಡಕ್ಕೂ ಒಂದೇ ಆಡಳಿತ. ಲಂಡನ್ ಅದನ್ನು ಮಾಡಿದ್ದು ಅದರ ಮರುವರ್ಷ! ನಮ್ಮ ಕಡೆ ಇದನ್ನು ಎಷ್ಟು ಜನ ನೆನೆಸ್ತಾರೆ?

1956ರಲ್ಲಿ ರಾಜ್ಯ ಪುನರ್ವಿಂಗಡಣೆಯಾಗಿ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆ ರಾಜ್ಯದ ಸಾರಿಗೆ ಇಲಾಖೆ 1961ರಲ್ಲಿ ನಿಗಮವಾಯಿತು. 2000ದಲ್ಲಿ ಈಶಾನ್ಯ ಭಾಗಕ್ಕೆ ಬೇರೆ ನಿಗಮ ಬಂತು. ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಅದಕ್ಕೆ 2021ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಅಂತ ಹೆಸರಾಯಿತು. ಹೆಸರು ಎಷ್ಟು ಬದಲಾದರೂ ಬಸ್ಸು ಸಾರ್ವಜನಿಕರದಾಗಿಯೇ ಉಳಿಯಿತು.

ಇದು ಸಣ್ಣ ಮಾತಲ್ಲ. ಬ್ರಿಟನ್ನಿನಲ್ಲಿ 1985ರಲ್ಲಿ ಒಂದು ಸಾರಿಗೆ ಕಾಯ್ದೆ ಬಂತು. ಅದರಂತೆ 1986ರ ಅಕ್ಟೋಬರ್ 26ರಿಂದ ಲಂಡನ್ ಹೊರಗೆ ಬಸ್ಸು ಓಡಿಸೋದನ್ನು ಖಾಸಗಿಯವರ ಪೈಪೋಟಿಗೆ ಬಿಟ್ಟರು. ಯಾವ ದಾರಿ, ಎಷ್ಟು ದರ ಅನ್ನೋದು ಕಂಪನಿಗಳ ಮರ್ಜಿ. ಲಂಡನ್ನನ್ನು ಮಾತ್ರ ಇದರಿಂದ ಹೊರಗಿಟ್ಟರು. ಇಲ್ಲೂ ಬಸ್ಸು ಓಡಿಸೋದು ಖಾಸಗಿ ಕಂಪನಿಗಳೇ, ಆದರೆ ದಾರಿ, ವೇಳೆ, ದರ ಮೂರನ್ನೂ ಗೊತ್ತು ಮಾಡೋದು ಸಾರ್ವಜನಿಕ ಸಂಸ್ಥೆ. ಮುಂದೆ ಲಂಡನ್ನಿನಲ್ಲಿ ಬಸ್ಸು ಹತ್ತುವವರು ಹೆಚ್ಚಾದರು, ಹೊರಗೆ ಕಡಿಮೆಯಾಗುತ್ತಾ ಹೋದರು. ಹಳ್ಳಿಗಳಲ್ಲಂತೂ ಎಷ್ಟೋ ಬಸ್ಸು ನಿಂತೇ ಹೋದವು. ಮ್ಯಾಂಚೆಸ್ಟರ್ ಭಾಗದವರು ಸಾಕಾಗಿ 2023ರಿಂದ 2025ರ ಜನವರಿಯೊಳಗೆ ಬಸ್ಸಿನ ಹಿಡಿತವನ್ನು ಮತ್ತೆ ಸಾರ್ವಜನಿಕ ಕೈಗೆ ತಂದರು.

ಹಾಗಾಗಿ ಒಂದು ಕೋಟಿಯ ಹತ್ತಿರ ಜನ ಇರೋ ಲಂಡನ್ನಿನ ಜೊತೆ ಕಕ್ಕೇರಾವನ್ನು ತೂಗೋದು ನ್ಯಾಯವಲ್ಲ. ಕಕ್ಕೇರಾದಷ್ಟೇ ಇರೋ ಇಂಗ್ಲೆಂಡಿನ ಊರಿನ ಜೊತೆ ತೂಗಿದರೆ ನಮ್ಮ ತಕ್ಕಡಿ ಅಷ್ಟೇನೂ ಮೇಲೇಳೋದಿಲ್ಲ.

ಆದರೂ ಲಂಡನ್ನಿನಿಂದ ಕಲಿಯೋದು ಒಂದದ. ಇಲ್ಲಿ ಕಾಯೋದನ್ನು ಲೆಕ್ಕ ಹಾಕ್ತಾರೆ. ಹತ್ತು ನಿಮಿಷಕ್ಕೊಂದು ಬಸ್ಸು ಸರಿಯಾಗಿ ಬಂದರೆ ಒಬ್ಬ ಪ್ರಯಾಣಿಕ ಸರಾಸರಿ ಐದು ನಿಮಿಷ ಕಾಯ್ತಾನೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎರಡೂ ಕೂಡಿಯೇ ಬಂದರೆ ಹತ್ತು ನಿಮಿಷ. ಬಸ್ಸು ಅಷ್ಟೇ, ಡೀಸೆಲ್ ಅಷ್ಟೇ, ಕಾಯೋದು ಮಾತ್ರ ದುಪ್ಪಟ್ಟು. ಈ ಹೆಚ್ಚಿನ ಕಾಯುವಿಕೆಯನ್ನು ಅಳೆದು ಕಂಪನಿಗೆ ದುಡ್ಡು ಹೆಚ್ಚು ಕೊಡ್ತಾರೆ, ಇಲ್ಲವೇ ಕಡಿತ ಮಾಡ್ತಾರೆ. ಬಸ್ಸು ಕಡಿಮೆ ಇರೋ ದಾರಿಗಳಲ್ಲಿ ಹೇಳಿದ ವೇಳೆಗೆ ಬಂತೋ ಇಲ್ಲವೋ ಅಂತ ನೋಡ್ತಾರೆ. ಮುಂಚೆಯೇ ಹೋಗಿಬಿಟ್ಟರೆ ಅದೂ ತಪ್ಪೇ.

ನಮ್ಮಲ್ಲಿ ಬಸ್ಸಿನ ಮಾತು ಬಂದಾಗ ಕೇಳೋದು ಎಷ್ಟು ಕಿಲೋಮೀಟರ್ ಓಡಿತು, ಕಿಲೋಮೀಟರಿಗೆ ಎಷ್ಟು ಆದಾಯ ಬಂತು ಅಂತ. ಕಟ್ಟೆಯ ಮೇಲೆ ಕೂತವರು ಎಷ್ಟು ತಾಸು ಕೂತರು ಅನ್ನೋದು ಆ ಲೆಕ್ಕದಲ್ಲಿ ಇಲ್ಲ. “ಬಸ್ ಯಾವಾಗ ಬರ್ತದ್ರಿ?” ಅಂದರೆ “ಬಂದಾಗ ಬರ್ತದ” ಅಂತ ನಾವೇ ನಗ್ತೀವಿ.

ನಗೋ ಮಾತಲ್ಲ ಅದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ಹೋಯಿತು. ದೊಡ್ಡ ಕೆಲಸ. ಆದರೆ ಕಾಲೇಜಿಗೆ ಹೋದ ಮಗಳು ಕತ್ತಲಾಗುವ ಮೊದಲು ಮನೆ ಸೇರ್ತಾಳೆ ಅನ್ನೋ ಭರವಸೆ ಟಿಕೆಟ್ಟಿನಿಂದ ಬರೋದಿಲ್ಲ, ವೇಳೆಗೆ ಬರೋ ಬಸ್ಸಿನಿಂದ ಬರ್ತದೆ. ಆ ಭರವಸೆ ಇಲ್ಲದ ಮನೆಯಲ್ಲಿ “ಸಾಕು, ಕಾಲೇಜು ಬಿಡು” ಅನ್ನೋ ಮಾತು ಬೇಗ ಬರ್ತದೆ.

ಕಾದವರ ತಾಸುಗಳನ್ನೂ ಬರೆದಿಡ್ರಿ ಅಂತ ಕೇಳೋ ಹಕ್ಕು ನಮಗದ, ಯಾಕಂದರೆ ಬಸ್ಸು ಇನ್ನೂ ನಮ್ಮದೇ ಅದ. ಯಾರೋ ದಯೆಯಿಂದ ಕೊಟ್ಟದ್ದು ಅಂದುಕೊಂಡವರು ಸುಮ್ಮನೆ ಕಾಯ್ತಾರೆ. ತಮ್ಮದು ಅಂದುಕೊಂಡವರು ವೇಳಾಪಟ್ಟಿ ಕೇಳ್ತಾರೆ.

ನಿಮ್ಮೂರಿನ ಮೊದಲ ಬಸ್ಸು, ಕಡೇ ಬಸ್ಸು ಎಷ್ಟು ಗಂಟೆಗೆ ಅಂತ ನಮಗೆ ಬರೆದು ತಿಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಶರಣು.