ಎರಡು ಹಿಮದಫ್ತರಗಳ ತಾಳೆ

ಅರಸರ ಕಾಲನಿರ್ಣಯಕ್ಕೆ ಶಾಸನಗಳಿವೆ. ಮನುಷ್ಯನು ಬರೆಯಲು ಕಲಿಯುವುದಕ್ಕೆ ಸಾವಿರಾರು ವರ್ಷ ಮುಂಚಿನ ವಾಯುಗುಣವನ್ನು ಅರಿಯಬಯಸುವವನು ಗ್ರೀನ್‌ಲೆಂಡಿನ ಹಿಮವನ್ನೇ ಓದಬೇಕು. ಅಲ್ಲಿನ ಎತ್ತರದ ನೆಲೆಗಳಲ್ಲಿ ಬಿದ್ದ ಹಿಮವು ಕರಗದೆ, ವರ್ಷಕ್ಕೊಂದು ಪದರವಾಗಿ ಅದುಮಿಕೊಂಡು ಮಂಜುಗಡ್ಡೆಯಾಗಿ ನಿಂತಿದೆ. ಶೀತವು ಹೆಚ್ಚಿದಷ್ಟೂ ಹಿಮದಲ್ಲಿ ಭಾರವಾದ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ. ಈ ಸೂತ್ರವನ್ನು ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡರು, ಅಮೆರಿಕದ ಸೇನೆಯ ಕ್ಯಾಂಪ್ ಸೆಂಚುರಿಯಲ್ಲಿ 1966ರಲ್ಲಿ ತಳಬಂಡೆಯವರೆಗೆ ಕೊರೆದು ತೆಗೆದ ಹಿಮಸ್ತಂಭಕ್ಕೆ ಅನ್ವಯಿಸಿದರು. ಹಿಮಯುಗದ ನಡುವೆ ವಾಯುಗುಣವು ಹಲವು ಬಾರಿ ಥಟ್ಟನೆ ಏರಿ ಇಳಿದಂತೆ ಕಂಡಿತು.

ಒಂದೇ ಪುಸ್ತಕದಲ್ಲಿ ಕಂಡ ವಿಪರೀತ ಮೊಬಲಗನ್ನು ನಮ್ಮಂಥ ಬ್ಯಾಂಕಿನವರು ನಂಬುವುದಿಲ್ಲ, ಪಂಡಿತರೂ ಹಾಗೆಯೇ. 1981ರಲ್ಲಿ ದಕ್ಷಿಣದ ಡೈ-3 ಎಂಬಲ್ಲಿ ದೊರೆತ ಸ್ತಂಭವು ಅದೇ ಏರಿಳಿತಗಳನ್ನು ತೋರಿಸಿತಾದರೂ, ಎರಡೂ ಕಡೆ ಆ ಪದರಗಳು ತಳಬಂಡೆಗೆ ಸಮೀಪವಿದ್ದುವು. ಮಂಜು ಅಲ್ಲಿ ಹರಿದು ಕದಡಿರಬಹುದೆಂಬ ಶಂಕೆ ತೀರಲಿಲ್ಲ. ಆದ್ದರಿಂದ ಹಿಮದ ನೆತ್ತಿಯ ಮೇಲೆಯೇ, ಸುಮಾರು 28 ಕಿಲೋಮೀಟರು ಅಂತರದಲ್ಲಿ, ಯುರೋಪಿನವರೂ ಅಮೆರಿಕದವರೂ ಬೇರೆಬೇರೆಯಾಗಿ ಕೊರೆದರು. ಮೊದಲನೆಯದು 1992ರಲ್ಲಿ 3,029 ಮೀಟರಿಗೂ ಎರಡನೆಯದು 1993ರಲ್ಲಿ 3,053 ಮೀಟರಿಗೂ ಮುಗಿಯಿತು.

ಮೇಲಿನ ಹತ್ತರಲ್ಲಿ ಒಂಬತ್ತು ಪಾಲು ಎರಡೂ ತಾಳೆಯಾದುವು. ಸುಮಾರು 12,900 ವರ್ಷಗಳ ಹಿಂದೆ, ಹಿಮಯುಗವು ಹಿಂಜರಿಯುತ್ತಿದ್ದಾಗ, ಶೀತವು ಮತ್ತೆ ಮರಳಿತ್ತು. ಸ್ಕಾಂಡಿನೇವಿಯದ ಕೆರೆಗಳ ಕೆಸರಿನಲ್ಲಿ ಸಿಕ್ಕುವ ಒಂದು ಶೀತಪ್ರದೇಶದ ಹೂಗಿಡದ ಎಲೆಗಳಿಂದಾಗಿ ಆ ಕಾಲಕ್ಕೆ ಕಿರಿಯ ಡ್ರಯಾಸ್ ಎಂದು ಹೆಸರು. ಕರಗಿದ ಸಿಹಿನೀರು ಉತ್ತರ ಅಟ್ಲಾಂಟಿಕಿಗೆ ನುಗ್ಗಿ ಬಿಸಿಪ್ರವಾಹವನ್ನು ತಡೆಯಿತೆಂಬುದು ಬಹುಮಂದಿಯ ಮತ. ಆಶ್ಚರ್ಯವಿರುವುದು ಅದರ ಮುಕ್ತಾಯದಲ್ಲಿ. ಸುಮಾರು 11,700 ವರ್ಷಗಳ ಹಿಂದೆ ಗ್ರೀನ್‌ಲೆಂಡಿನ ಉಷ್ಣತೆಯು ಕೆಲವೇ ದಶಕಗಳಲ್ಲಿ ಸುಮಾರು 10 ಡಿಗ್ರಿ ಏರಿತು. ವರ್ಷವೊಂದಕ್ಕೆ ಬೀಳುವ ಹಿಮದ ಮೊತ್ತವು ಇಮ್ಮಡಿಯಾಗಲು ಮೂರು ವರ್ಷ ಸಾಕಾಗಿರಬಹುದು. ಗುಮಾಸ್ತನಾಗಿ ಸೇರಿದವನು ನಿವೃತ್ತನಾಗುವುದರೊಳಗೆ ಒಂದು ಯುಗವೇ ಕಳೆದುಹೋದಂತಾಯಿತು! ಇದು ಆ ದ್ವೀಪದ ಸಂಗತಿ ಮಾತ್ರವೂ ಅಲ್ಲ. ಅರಬೀ ಸಮುದ್ರದ ಉತ್ತರ ಭಾಗದ ತಳದಲ್ಲಿ, ನೈಋತ್ಯ ಮಾರುತವು ಬಲವಾಗಿದ್ದ ಕಾಲದ ಕೆಸರು ಜೀವಾವಶೇಷಗಳಿಂದ ಕಪ್ಪಗಿದೆ. ಗ್ರೀನ್‌ಲೆಂಡು ಶೀತಗೊಂಡಿದ್ದ ಕಾಲಗಳ ಕೆಸರು ಪೇಲವವಾಗಿದೆ.

ಕೆಳಗಿನ ಹತ್ತನೆಯ ಪಾಲಿನ ಕಥೆ ಬೇರೆ. ಸುಮಾರು 1,25,000 ವರ್ಷಗಳ ಹಿಂದಿನ ಬಿಸಿಯುಗದಲ್ಲಿಯೂ ಇಂಥ ಜಿಗಿತಗಳಿದ್ದುವೆಂದು ಯುರೋಪಿನ ಸ್ತಂಭದಿಂದ 1993ರಲ್ಲಿ ಸಾರಲಾಯಿತು. ನಿಜವಾಗಿದ್ದರೆ, ನಾವು ಬದುಕುತ್ತಿರುವ ಬಿಸಿಯುಗದ ಸ್ಥಿರತೆಯನ್ನೂ ಸಂದೇಹಿಸಬೇಕಾಗಿತ್ತು. ಆದರೆ ಅಮೆರಿಕದ ಸ್ತಂಭವು ಆ ಭಾಗದಲ್ಲಿ ಬೇರೆಯೇ ಲೆಕ್ಕ ಹೇಳಿತು. ಪರೀಕ್ಷಿಸಿ ನೋಡಲಾಗಿ, ತಳಬಂಡೆಯ ಮೇಲೆ ಹರಿದ ಮಂಜು ಹಳೆಯ ಕಡತದಂತೆ ಮಡಿಚಿಕೊಂಡು ಹಾಳೆಗಳ ಕ್ರಮ ತಪ್ಪಿತ್ತು. ಸಾರಿದ ಮಾತು ಬಿದ್ದುಹೋಯಿತು. 2003ರಲ್ಲಿ ಇನ್ನೂ ಉತ್ತರಕ್ಕೆ ಕೊರೆದು ಮುಗಿಸಿದ ಸ್ತಂಭದಲ್ಲಿ ಪದರಗಳು 1,23,000 ವರ್ಷಗಳವರೆಗೆ ಕ್ರಮವಾಗಿ ದೊರೆತುವು. ಬಿಸಿಯುಗದ ಆ ಹಾಳೆಗಳಲ್ಲಿ ಜಿಗಿತಗಳು ಇರಲಿಲ್ಲ.