ಬಾರಾಮಹಲಿನ ಎರಡನೆಯವರು

ಹೊಸೂರಿನಿಂದ ಕೃಷ್ಣಗಿರಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. 1792ರಿಂದ 1799ರವರೆಗೆ ಈ ದಾರಿಯ ನಡುವೆ ಎರಡು ರಾಜ್ಯಗಳ ಗಡಿ ಇತ್ತು. ಮೂರನೇ ಮೈಸೂರು ಯುದ್ಧದ ಕೊನೆಗೆ, 1792ರ ಮಾರ್ಚ್‌ನಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಕೃಷ್ಣಗಿರಿ, ಧರ್ಮಪುರಿ, ತಿರುಪ್ಪತ್ತೂರು ಸುತ್ತಿನ ಬಾರಾಮಹಲ್ ಸೀಮೆ ಕಂಪೆನಿಗೆ ಹೋಯಿತು. ಹೊಸೂರು ಮಾತ್ರ ಟಿಪ್ಪುವಿನ ಕೈಯಲ್ಲೇ ಉಳಿದು, 1799ರಲ್ಲಿ ಅವನು ಹುತಾತ್ಮನಾದ ಮೇಲೆ ಕಂಪೆನಿಯ ಪಾಲಾಯಿತು.

ಕೆಲಸದ ನಿಮಿತ್ತ ಈ ಭಾಗದಲ್ಲಿ ನೆಲೆಸಿರುವ ನನಗೆ ಈ ಚರಿತ್ರೆಯಲ್ಲಿ ಹೆಚ್ಚು ಹಿಡಿಸಿದ್ದು ಯುದ್ಧವಲ್ಲ, ಯುದ್ಧ ಮುಗಿದ ಮೇಲೆ ಇಲ್ಲಿಗೆ ಬಂದ ನಾಲ್ಕು ಜನರ ಕಥೆ. ಅವರಲ್ಲೊಬ್ಬ ಮುಂದೆ ನಮ್ಮ ಮಂಗಳೂರಿಗೂ ಬಂದ.

ಹೊಸ ಸೀಮೆಯ ಆಡಳಿತಕ್ಕೆ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮದರಾಸಿನ ಸಿವಿಲ್ ನೌಕರರನ್ನು ಆರಿಸಲಿಲ್ಲ. ಅವರಿಗೆ ನಾಡಿನ ಭಾಷೆಗಳು ಬರುತ್ತಿರಲಿಲ್ಲ. ಯುದ್ಧಕಾಲದಲ್ಲಿ ಗುಪ್ತಚರ ಕೆಲಸ ನೋಡುತ್ತಿದ್ದ ಸೇನಾಧಿಕಾರಿ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮುಖ್ಯಸ್ಥನಾದ. ಮೆಕ್ಲಿಯಾಡ್, ಗ್ರಹಾಂ, ಥಾಮಸ್ ಮನ್ರೋ ಎಂಬ ಮೂವರು ಅವನ ಸಹಾಯಕರಾದರು. ನಾಲ್ವರೂ ಸೈನ್ಯದವರು, ಒಂದೇ ಬಳಗದವರು. ಸಿವಿಲ್ ನೌಕರರಿಗೆ ಇದು ಹಿಡಿಸಲಿಲ್ಲ. ರೀಡ್ ತಿರುಪ್ಪತ್ತೂರಿನಲ್ಲಿದ್ದ, ಸಹಾಯಕರು ಒಂದೊಂದು ಭಾಗ ಹಂಚಿಕೊಂಡರು. ಗ್ಲಾಸ್ಗೋದಲ್ಲಿ ಹುಟ್ಟಿದ ಮನ್ರೋಗೆ ಆಗ ವಯಸ್ಸು ಸುಮಾರು 31. ಧರ್ಮಪುರಿಯಲ್ಲಿ ಏಳು ವರ್ಷ ಅವನು ಎರಡನೆಯವನಾಗಿಯೇ ದುಡಿದ.

ಎರಡನೆಯವನ ಕೆಲಸವೇನು? ಊರೂರು ಸುತ್ತುವುದು, ಡೇರೆಯಲ್ಲಿ ಮಲಗುವುದು, ಹೊಲ ಅಳೆಸುವುದು, ಒಂದೊಂದು ಹೊಲಕ್ಕೂ ರೈತನ ಹೆಸರು ಮತ್ತು ತೀರ್ವೆ ಬರೆಸುವುದು. ಅದಕ್ಕೂ ಮೊದಲು ಹೆಚ್ಚಾಗಿ ಊರಿನ ಮುಖ್ಯಸ್ಥನೋ ಗುತ್ತಿಗೆದಾರನೋ ಮೊತ್ತವೊಂದನ್ನು ಒಪ್ಪಿಕೊಂಡು ಕೆಳಗಿನವರಿಂದ ವಸೂಲಿ ಮಾಡುತ್ತಿದ್ದ. ಈಗ ಸರ್ಕಾರ ಮತ್ತು ರೈತನ ನಡುವೆ ನೇರ ಲೆಕ್ಕ ಶುರುವಾಯಿತು. ಇದೇ ಮುಂದೆ ರೈತವಾರಿ ಪದ್ಧತಿ ಎನಿಸಿಕೊಂಡಿತು. ಅದರ ಬೀಜ ಬಿತ್ತಿದವನು ರೀಡ್, ಹೆಸರು ಉಳಿದದ್ದು ಮನ್ರೋನದು. ಎರಡನೆಯವನಿಗೆ ಹೆಸರು ಬರುವುದು ಅಪರೂಪ, ಇಲ್ಲಿ ಅದು ತಿರುವುಮುರುವಾಯಿತು.

ಇದನ್ನು ರೈತನ ಮೇಲಿನ ಪ್ರೀತಿ ಎಂದು ತಿಳಿಯಬೇಕಾಗಿಲ್ಲ. ಕಂಪೆನಿಗೆ ಬೇಕಾದದ್ದು ಹಣ, ತೀರ್ವೆಯ ಭಾರವೂ ದೊಡ್ಡದಿತ್ತು. ಮುಂದೆ ಬಳ್ಳಾರಿ-ಕಡಪ ಸೀಮೆಯಲ್ಲಿ ಕೆಲಸ ಮಾಡಿದ ಮನ್ರೋ ತಾನೇ 1807ರಲ್ಲಿ ಅಲ್ಲಿನ ತೀರ್ವೆಯಲ್ಲಿ ನೂರಕ್ಕೆ 25ರಷ್ಟು ಇಳಿಸಬೇಕೆಂದು ಸಲಹೆ ಕೊಟ್ಟ.

ಎರಡನೆಯವನ ಕೆಲಸದ ಭಾರ ನನಗೂ ಸ್ವಲ್ಪ ಗೊತ್ತು. ಈ ಭಾಗದ ಕರಾವಳಿಯವರ ಸಂಘವೊಂದರಲ್ಲಿ ಎರಡು ವರ್ಷ ಉಪಾಧ್ಯಕ್ಷನಾಗಿದ್ದೆ. ವೇದಿಕೆ ಅಧ್ಯಕ್ಷರದು, ರಸ್ತೆ ಮತ್ತು ಪುಸ್ತಕ ನನ್ನದು. ಬೇಕರಿ, ಹೋಟೆಲು ಸುತ್ತಿ ಹೆಸರು ಬರೆದುಕೊಳ್ಳಬೇಕು, ವಂತಿಗೆ ಎತ್ತಬೇಕು. ಪುಸ್ತಕದಲ್ಲಿ ಇದ್ದದ್ದು ಅಂಗಡಿ ಮಾಲೀಕರ ಹೆಸರು ಮಾತ್ರ. ಅಡುಗೆಮನೆಯಲ್ಲಿ ದುಡಿಯುವ, ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಹುಡುಗರ ಹೆಸರು ಇರಲಿಲ್ಲ. ಅವರಲ್ಲೊಬ್ಬ ಆಸ್ಪತ್ರೆ ಸೇರಿದರೆ ಊರಿನ ಫೋನ್ ನಂಬರ್ ಯಾರ ಹತ್ತಿರವೂ ಇರುತ್ತಿರಲಿಲ್ಲ. ಅವರಿಗಾಗಿ ಬೇರೆ ಪುಟ ತೆರೆದಾಗ, "ವಂತಿಗೆ ಕೊಡದವರ ಹೆಸರು ಯಾಕೆ?" ಎಂದು ಹಿರಿಯರು ಕೇಳಿದರು. ಕಷ್ಟ ಬರುವುದು ಅವರಿಗೇ ಮೊದಲು ಅಲ್ಲವೇ ಕಾಕ, ಎಂದೆ. ಪುಟ ಉಳಿಯಿತು.

ಪುಸ್ತಕದಲ್ಲಿ ಯಾರ ಹೆಸರು ಬರುತ್ತದೆ ಎಂಬ ಪ್ರಶ್ನೆ ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. 1799ರಲ್ಲಿ ಟಿಪ್ಪುವಿನ ರಾಜ್ಯ ಬಿದ್ದಾಗ ಮನ್ರೋನನ್ನು ಕೆನರಾದ ಕಲೆಕ್ಟರ್ ಆಗಿ ಕಳಿಸಿದರು. ಅವನಿಗೆ ನಮ್ಮ ಮಳೆ ಸಹಿಸಲಾಗಲಿಲ್ಲ. ಒಂದೂವರೆ ವರ್ಷವೂ ತುಂಬುವ ಮೊದಲೇ ವರ್ಗಾವಣೆ ಪಡೆದು ಹೊರಟುಹೋದ. ಆದರೆ ಅಷ್ಟರಲ್ಲೇ ಬಾರಾಮಹಲಿಗಿಂತ ಇಲ್ಲಿನ ಸ್ಥಿತಿ ಬೇರೆ ಎಂದು ಕಂಡುಕೊಂಡಿದ್ದ. ಇಲ್ಲಿ ಭೂಮಿ ತಲೆತಲಾಂತರದಿಂದ ಖಾಸಗಿ ಆಸ್ತಿ, ಮಾರಾಟ-ಅಡವಿನ ಹಳೆಯ ಪತ್ರಗಳೂ ಇದ್ದವು. ಅವನು ಅದನ್ನು ಒಪ್ಪಿ, 1800ರ ವರದಿಯಲ್ಲಿ ಬರೆದ. ತೀರ್ವೆಯ ಲೆಕ್ಕ ನಿಂತದ್ದು ವರ್ಗದಾರನ ಹೆಸರಿನಲ್ಲಿ.

ವರ್ಗದಾರನ ಕೆಳಗೆ ಮೂಲಗೇಣಿಯವರು, ಅವರಿಗಿಂತ ಕೆಳಗೆ ಚಾಲಗೇಣಿಯವರು. ನಮ್ಮವರಲ್ಲಿ ಭೂಮಾಲೀಕರೂ ಇದ್ದರು, ಚಾಲಗೇಣಿಗೆ ಗದ್ದೆ ಮಾಡಿ ಧಣಿಗೆ ಮುಡಿ ಅಕ್ಕಿ ಅಳೆದ ಬ್ಯಾರಿ ಕುಟುಂಬಗಳೂ ಇದ್ದವು. ಉಳುವವನು ಇವನು, ಸರ್ಕಾರದ ಲೆಕ್ಕದಲ್ಲಿ ಹೆಸರು ಇನ್ನೊಬ್ಬನದು. ಧರ್ಮಪುರಿಯಲ್ಲಿ ಹೊಲ ಹೊಲಕ್ಕೂ ರೈತನ ಹೆಸರು ಬರೆಸಿದ ಅಧಿಕಾರಿಯ ಲೇಖನಿ ಕೆನರಾದಲ್ಲಿ ಗೇಣಿದಾರನವರೆಗೆ ಇಳಿಯಲಿಲ್ಲ. ತೀರ್ವೆಯ ಭಾರದ ವಿರುದ್ಧ 1830-31ರಲ್ಲಿ ಕೆನರಾದ ರೈತರು ಕೂಟಗಳನ್ನು ಕಟ್ಟಿ ಪ್ರತಿಭಟಿಸಿದರು. ಆದರೂ ಚಾಲಗೇಣಿಯವನ ಹೆಸರು ಒಡೆಯನ ಜಾಗಕ್ಕೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಯಾದ ಮೇಲೆ, ಡಿಕ್ಲರೇಶನ್ ಕೊಟ್ಟು ಭೂನ್ಯಾಯ ಮಂಡಳಿಯ ಮುಂದೆ ನಿಂತು ಗೇಣಿದಾರರು ಒಡೆಯರಾದರು. ಮನ್ರೋ ಬಂದುಹೋದ ಮೇಲೆ 170 ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು.

ಆ ಡಿಕ್ಲರೇಶನ್ ಫಾರಂ ತುಂಬಿಸಿಕೊಟ್ಟವರು ಯಾರು? ಓದು-ಬರಹ ಬಲ್ಲ ಊರಿನ ಮೇಷ್ಟ್ರು, ಜಮಾಅತಿನ ಕಾರ್ಯದರ್ಶಿ, ನೆರೆಮನೆಯ ಕಾಲೇಜು ಹುಡುಗ ಇಂಥವರೇ ಇದ್ದಿರಬೇಕು. ಅವರ ಹೆಸರು ಯಾವ ದಾಖಲೆಯಲ್ಲೂ ಸಿಗುವುದಿಲ್ಲ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಗೇಣಿಚೀಟು, ಅಡಂಗಲ್ ನಕಲು, ಮಂಡಳಿಯ ತೀರ್ಪಿನ ಪ್ರತಿ ಇದ್ದರೆ ಗೆದ್ದಲು ಹಿಡಿಯಲು ಬಿಡಬೇಡಿ. ಹಿರಿಯರು ಇರುವಾಗಲೇ ಕೇಳಿ: ಅಂದು ನಮ್ಮ ಹೆಸರು ಬರೆದುಕೊಟ್ಟವರು ಯಾರು? ಉತ್ತರ ಸಿಕ್ಕರೆ ಆ ಹೆಸರನ್ನೂ ಅದೇ ಕಾಗದದ ಬೆನ್ನ ಮೇಲೆ ಬರೆದಿಡಿ.