ವೈದ್ಯನ ಹೊಣೆ: ಬಗ್ದಾದಿನಿಂದ ಹಾಸನದವರೆಗೆ

2025ರ ಮೇ ಕೊನೆಯಿಂದ ಜೂನ್ ಅಂತ್ಯದವರೆಗೆ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಠಾತ್ ಮರಣಗಳು ವರದಿಯಾದವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆಮನೆಯಲ್ಲೂ ಹೃದಯಾಘಾತದ ಭೀತಿ ಆವರಿಸಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿಯು ತನಿಖೆ ನಡೆಸಿತು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಪ್ರಕಟಿಸಿತು. ಈ ಯೋಜನೆಯಲ್ಲಿ ರೋಗಿಯ ಇಸಿಜಿಯನ್ನು ಓದಲು ಕೃತಕ ಬುದ್ಧಿಮತ್ತೆಯ ನೆರವು ಪಡೆಯಲಾಗುತ್ತದೆ. ಯಂತ್ರವು ತಪ್ಪಾಗಿ ಓದಿ, ಅದನ್ನೇ ನಂಬಿದ ವೈದ್ಯನ ಕೈಯಲ್ಲಿ ರೋಗಿ ಮರಣ ಹೊಂದಿದರೆ ಅಪರಾಧಿ ಯಾರು?

ಪ್ರಶ್ನೆ ಹೊಸತಾದರೂ ಅದರ ಬೇರು ಹಳೆಯದು. ವೈದ್ಯಜ್ಞಾನವಿಲ್ಲದೆ ಚಿಕಿತ್ಸೆ ನೀಡುವವನೇ ಹಾನಿಗೆ ಹೊಣೆಗಾರನೆಂಬ ಪ್ರವಾದಿ(ಸ)ರ ಬೋಧನೆಯನ್ನು ಅಬೂದಾವೂದ್ ಮತ್ತು ಇಬ್ನುಮಾಜ ದಾಖಲಿಸಿದ್ದಾರೆ. ಹಿಜರಿ 319ರಲ್ಲಿ, ಅಂದರೆ ಕ್ರಿ.ಶ. 931ರಲ್ಲಿ, ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ಸಾಮಾನ್ಯ ಪ್ರಜೆಯೊಬ್ಬನು ಸತ್ತನು. ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ವೈದ್ಯವೃತ್ತಿ ನಡೆಸಕೂಡದೆಂದು ಖಲೀಫ ಅಲ್-ಮುಖ್ತದಿರ್ ಆಜ್ಞಾಪಿಸಿದರು. ಸಿನಾನ್ ಇಬ್ನು ಸಾಬಿತ್ ಎಂಟುನೂರ ಅರವತ್ತಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದರೆಂದು ಇತಿಹಾಸಕಾರ ಇಬ್ನು ಅಬೀ ಉಸೈಬಿಅ ಬರೆದಿದ್ದಾರೆ.

ಕ್ರಿ.ಶ. 1350ರಲ್ಲಿ ನಿಧನರಾದ ಇಮಾಮ್ ಇಬ್ನುಲ್ ಖಯ್ಯಿಮ್ ಈ ಹೊಣೆಯನ್ನು ಇನ್ನಷ್ಟು ವಿಂಗಡಿಸಿದರು. ವಿದ್ಯೆಯ ಹಕ್ಕನ್ನು ಪೂರೈಸಿ, ಅನುಮತಿ ಪಡೆದು, ಕೈತಪ್ಪದೆ ಚಿಕಿತ್ಸೆ ನೀಡಿದ ನಿಪುಣನ ಮೇಲೆ ಹೊಣೆಯಿಲ್ಲ. ಅಜ್ಞಾನಿಯು ತಾನು ವೈದ್ಯನೆಂದು ವಂಚಿಸಿದರೆ ಪರಿಹಾರ ತೆರಲೇಬೇಕು. ಪ್ರಾಮಾಣಿಕ ಪ್ರಮಾದವನ್ನೂ ವಂಚನೆಯನ್ನೂ ಅವರು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ.

ನಮ್ಮ ದೇಶದ ಕಾನೂನೂ ಇದೇ ವಿವೇಕದತ್ತ ಬಂದಿದೆ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್, ಘೋರ ನಿರ್ಲಕ್ಷ್ಯವಿದ್ದರೆ ಮಾತ್ರ ವೈದ್ಯನು ಕ್ರಿಮಿನಲ್ ಅಪರಾಧಿಯೆಂದು ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನನ್ವಯ, ಚಿಕಿತ್ಸೆಯ ವೇಳೆ ನಿರ್ಲಕ್ಷ್ಯದಿಂದ ಮರಣಕ್ಕೆ ಕಾರಣನಾದ ನೋಂದಾಯಿತ ವೈದ್ಯನಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ. ಯಂತ್ರಕ್ಕೆ ಅಲ್ಲಿ ಸ್ಥಾನವಿಲ್ಲ. ಅದಕ್ಕೆ ನಿಯ್ಯತ್ತಿಲ್ಲ, ಪರಲೋಕದ ವಿಚಾರಣೆಯೂ ಇಲ್ಲ.

ಆದ್ದರಿಂದ ಯಂತ್ರದ ನೆರವು ಪಡೆಯುವುದು ದೋಷವಲ್ಲ. ಎದೆನೋವಿನಿಂದ ಬೆವರುತ್ತಿರುವ ರೋಗಿಯ ಮುಖವನ್ನೂ ನೋಡದೆ, ಯಂತ್ರ ಸರಿಯೆಂದಿತೆಂದು ಮನೆಗೆ ಕಳುಹಿಸುವುದು ಅಮಾನತ್ತಿಗೆ ಬಗೆಯುವ ದ್ರೋಹ. ಎಚ್ಚರದಿಂದ ಶ್ರಮಿಸಿದ ವೈದ್ಯನನ್ನು, ರೋಗಿ ಉಳಿಯಲಿಲ್ಲವೆಂಬ ಒಂದೇ ಕಾರಣಕ್ಕೆ ಅಪರಾಧಿಯೆನ್ನುವುದು ನಾವೆಸಗುವ ಅನ್ಯಾಯ. ಅಲ್ಲಾಹನು ನಮ್ಮ ವೈದ್ಯರಿಗೆ ಎಚ್ಚರವನ್ನೂ ರೋಗಿಗಳಿಗೆ ಶಿಫಾವನ್ನೂ ನಮಗೆ ನ್ಯಾಯಬುದ್ಧಿಯನ್ನೂ ಕರುಣಿಸಲಿ. ಆಮೀನ್.